ಕಂಪನಿಯ ಹೆಸರಿಗಿಂತ ಒಂದು ಲೋಟ ನೀರು ಮುಖ್ಯ

ಅರವತ್ತು ದಾಟಿದ ಹೆಂಗಸು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರೆ ಏನು ಮಾಡಬೇಕೆಂಬುದು ಆಂಧ್ರದ ಪಶ್ಚಿಮ ಕರ್ನೂಲಿನ ಆದೋನಿ ಸೀಮೆಯ ಕನ್ನಡ ಮನೆಗಳಿಗೆ ಈಗ ಗೊತ್ತಿದೆ. ರೇಷನ್ ಕಾರ್ಡು, ಆಧಾರ್ ಕಾರ್ಡು ಹಿಡಿದುಕೊಂಡು ಕರ್ನೂಲಿಗೆ ಹೋಗುತ್ತಾರೆ. ಬಳ್ಳಾರಿಯೋ ರಾಯಚೂರೋ ಹತ್ತಿರವಾದರೆ, ಅಲ್ಲಿ ಮಾತು ತಿಳಿಯುತ್ತದೆ ಎನಿಸಿದರೆ, ಅತ್ತ ಹೊರಡುತ್ತಾರೆ. 2007ರಲ್ಲಿ ಆರೋಗ್ಯಶ್ರೀ ಎಂದು ಶುರುವಾಗಿ ಈಗ ಎನ್‌ಟಿಆರ್ ವೈದ್ಯ ಸೇವೆ ಎನಿಸಿಕೊಂಡಿರುವ ಯೋಜನೆಯಿಂದ ರಾಡು, ಪ್ಲೇಟು ಹಾಕುವ ಆಪರೇಷನ್ ಬಡವರ ಕೈಗೂ ಎಟುಕಿದೆ. ಇದು ಸಣ್ಣ ಸಾಧನೆಯಲ್ಲ. ಆದರೆ ಡಿಸ್ಚಾರ್ಜ್ ಆಗುವಾಗ ಕೈಗೆ ಬರುವ ಚೀಟಿಯಲ್ಲಿ ನೋವಿನ ಮಾತ್ರೆ, ಕ್ಯಾಲ್ಸಿಯಂ, ಗ್ಯಾಸಿನ ಮಾತ್ರೆ ಇರುತ್ತವೆ. ಎಲುಬು ಅಷ್ಟು ಸುಲಭವಾಗಿ ಮುರಿಯಲು ಕಾರಣವಾದ ರೋಗಕ್ಕೆ, ಅಂದರೆ ಮೂಳೆ ಒಳಗೊಳಗೇ ಟೊಳ್ಳಾಗುವ ಆಸ್ಟಿಯೋಪೊರೋಸಿಸ್‌ಗೆ, ಬಹಳ ಸಲ ಔಷಧವೇ ಇರುವುದಿಲ್ಲ. ಇದ್ದರೂ ಯಾವುದೋ ಒಂದು ಕಂಪನಿಯ ದುಬಾರಿ ಹೆಸರಿರುತ್ತದೆ, ಎರಡು ತಿಂಗಳು ಕೊಂಡು ಮೂರನೆಯ ತಿಂಗಳು ಬಿಡುತ್ತಾರೆ. ಈ ರೋಗಕ್ಕೆ ಒಳ್ಳೆಯ, ಹಳೆಯ, ಅಗ್ಗವಾಗಬಲ್ಲ ಜೆನೆರಿಕ್ ಔಷಧ, ಅಂದರೆ ಮೂಲ ಕಂಪನಿಯಲ್ಲದೆ ಬೇರೆಯವರು ಮಾಡುವ ಅದೇ ಔಷಧ, ಇದೆ. ಬ್ರ್ಯಾಂಡಿಗೂ ಜೆನೆರಿಕ್‌ಗೂ ಇರಬಹುದಾದ ವ್ಯತ್ಯಾಸಕ್ಕಿಂತ ಅದನ್ನು ನುಂಗುವ ಕ್ರಮದಲ್ಲಿ ಆಗುವ ತಪ್ಪು ಎಷ್ಟೋ ಪಾಲು ದೊಡ್ಡದು. ಆದ್ದರಿಂದ ಪಶ್ಚಿಮ ಕರ್ನೂಲಿನ ಸರ್ಕಾರಿ ಆಸ್ಪತ್ರೆಗಳೂ ವೈದ್ಯರೂ ಜೆನೆರಿಕ್ ಔಷಧವನ್ನೇ ಮೊದಲ ಆಯ್ಕೆಯಾಗಿ ಹಿಡಿಯಬೇಕು.

ಈ ಭಾಗಕ್ಕೆ ಇದು ಉಳಿದೆಡೆಗಿಂತ ಹೆಚ್ಚು ತುರ್ತಿನ ವಿಷಯ ಎನ್ನಲು ಕಾರಣಗಳಿವೆ. ದೇಶದಲ್ಲಿ ಗರ್ಭಕೋಶ ತೆಗೆಸಿಕೊಂಡ ಹೆಂಗಸರ ಪ್ರಮಾಣ ಅತಿ ಹೆಚ್ಚಿರುವ ರಾಜ್ಯ ಆಂಧ್ರಪ್ರದೇಶ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನೊಳಗಿನ ಮಹಿಳೆಯರಲ್ಲಿ ದೇಶದ ಸರಾಸರಿ ಶೇ 3.2 ಇದ್ದರೆ ಆಂಧ್ರದಲ್ಲಿ ಶೇ 8.9. ಈ ಆಪರೇಷನ್ನುಗಳಲ್ಲಿ ಎಷ್ಟೋ ನಡೆಯುವುದು ನಲವತ್ತು ತುಂಬುವ ಮೊದಲೇ. ಗರ್ಭಕೋಶದ ಜೊತೆಗೆ ಅಂಡಾಶಯವನ್ನೂ ತೆಗೆದರೆ ಮೂಳೆಯನ್ನು ಕಾಯುವ ಈಸ್ಟ್ರೋಜನ್ ಒಮ್ಮೆಗೇ ನಿಲ್ಲುತ್ತದೆ. ಐವತ್ತರ ಆಸುಪಾಸಿನಲ್ಲಿ ಶುರುವಾಗಬೇಕಾದ ಮೂಳೆಯ ಸವೆತ ಮೂವತ್ತೈದಕ್ಕೇ ಶುರುವಾಗುತ್ತದೆ. ಇನ್ನು ಊಟ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವೀಣಾ ಶತ್ರುಘ್ನ ಮತ್ತು ಸಂಗಡಿಗರು ಕಡಿಮೆ ಆದಾಯದ, 30ರಿಂದ 60 ವಯಸ್ಸಿನ ಹೆಂಗಸರ ಮೂಳೆಗಳನ್ನು ಅಳೆದು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ ಸುಮಾರು 29 ಮಂದಿಗೆ ತೊಡೆಯ ಮೂಳೆಯ ಕುತ್ತಿಗೆಯಲ್ಲಿ ಆಸ್ಟಿಯೋಪೊರೋಸಿಸ್ ಇತ್ತು. ಅವರ ದಿನದ ಊಟದಲ್ಲಿ ಸಿಗುತ್ತಿದ್ದ ಕ್ಯಾಲ್ಸಿಯಂ 300 ಮಿಲಿಗ್ರಾಂ ಮುಟ್ಟುತ್ತಿರಲಿಲ್ಲ. ತಿರುಪತಿಯ ಎಸ್‌ವಿಐಎಂಎಸ್‌ನ ಸಿ.ವಿ. ಹರಿನಾರಾಯಣ್ ಅವರ ತಂಡ 2007ರಲ್ಲಿ ಪ್ರಕಟಿಸಿದ ಕೆಲಸವೂ ಇದೇ ಮಾತು ಹೇಳಿತು. ಬಿಸಿಲಲ್ಲಿ ಬೇಯುವ ಹಳ್ಳಿಯವರಲ್ಲೂ ವಿಟಮಿನ್ ಡಿ ಕೊರತೆ ಅದರಲ್ಲಿ ಕಂಡುಬಂತು. ಹೊಳಗುಂದ, ಕೌತಾಳ, ಕೋಸಿಗಿಯ ಮುಖ್ಯ ಊಟ ಜೋಳದ ರೊಟ್ಟಿ ಮತ್ತು ರೇಷನ್ ಅಕ್ಕಿ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದ್ದರೆ ಅಷ್ಟೇ ಜೋಳದಲ್ಲಿ 30 ಕೂಡ ಇಲ್ಲ, ಅಕ್ಕಿಯಲ್ಲಿ ಇನ್ನೂ ಕಡಿಮೆ. ಹತ್ತಿ ಬಿಡಿಸುತ್ತಾ, ಮೆಣಸಿನಕಾಯಿ ಹರಿಯುತ್ತಾ ಬಗ್ಗಿದ ನಡ ಮುಂದೆ ನೆಟ್ಟಗಾಗದಿದ್ದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಅಂಥ ಎಷ್ಟೋ ಬೆನ್ನುಗಳಲ್ಲಿ ಬೆನ್ನೆಲುಬಿನ ಮಣಿಗಳು ಸದ್ದಿಲ್ಲದೆ ಕುಸಿದಿರುತ್ತವೆ.

ಔಷಧದ ಮಾತಿಗೆ ಬರೋಣ. ಅಲೆಂಡ್ರೋನೇಟ್ ಎಂಬ ಮಾತ್ರೆಯನ್ನು ಮರ್ಕ್ ಕಂಪನಿ ಫೊಸಮ್ಯಾಕ್ಸ್ ಎಂಬ ಹೆಸರಿನಲ್ಲಿ 1995ರಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದಿತು. ಮರುವರ್ಷವೇ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ಈಗಾಗಲೇ ಬೆನ್ನೆಲುಬು ಕುಸಿದಿದ್ದ ಎರಡು ಸಾವಿರಕ್ಕೂ ಹೆಚ್ಚು ಮಹಿಳೆಯರಲ್ಲಿ ಈ ಮಾತ್ರೆ ಸೊಂಟದ ಮುರಿತವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತು. ಅಮೆರಿಕದಲ್ಲಿ ಪೇಟೆಂಟ್ ಮುಗಿದು 2008ರಲ್ಲಿ ಜೆನೆರಿಕ್ ಬಂದವು. ನಮ್ಮಲ್ಲಿ ಅಷ್ಟು ಕಾಯಬೇಕಾಗಿರಲಿಲ್ಲ: 1970ರ ಪೇಟೆಂಟ್ ಕಾಯ್ದೆ ಔಷಧಕ್ಕಲ್ಲ, ಅದನ್ನು ತಯಾರಿಸುವ ವಿಧಾನಕ್ಕಷ್ಟೇ ಪೇಟೆಂಟ್ ಕೊಡುತ್ತಿತ್ತು, 2005ರ ತನಕ ಹಾಗೆಯೇ ಇತ್ತು. ಹೀಗಾಗಿ ಭಾರತದ ಕಂಪನಿಗಳು ಈ ಮಾತ್ರೆಯನ್ನು ಬಹಳ ಹಿಂದೆಯೇ ಮಾಡತೊಡಗಿದವು. ಅಂದರೆ ಆದೋನಿಯ ಮೆಡಿಕಲ್ ಶಾಪಿನಲ್ಲಿ ಸಿಗುವ 'ಒಳ್ಳೆಯ ಕಂಪನಿ'ಯ ಅಲೆಂಡ್ರೋನೇಟ್ ಕೂಡ ಸಾಮಾನ್ಯವಾಗಿ ಮೂಲ ಕಂಪನಿಯದಲ್ಲ, ಅದೂ ಜೆನೆರಿಕ್ಕೇ. ಮೇಲೊಂದು ವ್ಯಾಪಾರದ ಹೆಸರು, ಆ ಹೆಸರನ್ನು ವೈದ್ಯರ ಬಳಿಗೆ ಒಯ್ಯುವ ಪ್ರತಿನಿಧಿಯ ಖರ್ಚು ಸೇರಿರುತ್ತವೆ. ಇಲ್ಲಿ ಬ್ರ್ಯಾಂಡ್ ಒಳ್ಳೆಯದೋ ಜೆನೆರಿಕ್ ಒಳ್ಳೆಯದೋ ಎಂಬ ಚರ್ಚೆ ನಿಜವಾಗಿ ನಡೆಯುತ್ತಿರುವುದು ಹೆಚ್ಚು ಪ್ರಚಾರದ ಜೆನೆರಿಕ್‌ಗೂ ಪ್ರಚಾರವಿಲ್ಲದ ಜೆನೆರಿಕ್‌ಗೂ ನಡುವೆ. ಇದನ್ನು ರೋಗಿಗೆ ಯಾರೂ ಬಿಡಿಸಿ ಹೇಳುವುದಿಲ್ಲ.

ಈ ಮಾತ್ರೆಯ ಸ್ವಭಾವ ವಿಚಿತ್ರವಾದದ್ದು. ವಾರಕ್ಕೊಮ್ಮೆ ನುಂಗುವ 70 ಮಿಲಿಗ್ರಾಂನಲ್ಲಿ, ಎಲ್ಲವನ್ನೂ ಸರಿಯಾಗಿ ಮಾಡಿದರೂ, ರಕ್ತಕ್ಕೆ ಸೇರುವುದು ಅರ್ಧ ಮಿಲಿಗ್ರಾಂಗಿಂತ ಕಡಿಮೆ. ಕಾಫಿಯ ಜೊತೆ ನುಂಗಿದರೆ ಅದರಲ್ಲೂ ಶೇ 60ರಷ್ಟು ಕಡಿತ. ತಿಂಡಿಯ ಜೊತೆ ಅಥವಾ ತಿಂಡಿಯಾದ ಎರಡು ತಾಸಿನೊಳಗೆ ನುಂಗಿದರೆ ದೇಹಕ್ಕೆ ಸೇರುವುದು ಇಲ್ಲವೆನ್ನುವಷ್ಟು. ಕ್ಯಾಲ್ಸಿಯಂ ಮಾತ್ರೆಯನ್ನು ಜೊತೆಗೇ ಹಾಕಿಕೊಂಡರೂ ಅದೇ ಕತೆ. ನಮ್ಮಲ್ಲಿ ಎರಡನ್ನೂ ಒಂದೇ ಚೀಟಿಯಲ್ಲಿ ಬರೆದಿರುತ್ತಾರೆ, ಅಂಗಡಿಯವರು ಒಂದೇ ಕವರಿನಲ್ಲಿ ಹಾಕಿ ಕೊಟ್ಟಿರುತ್ತಾರೆ. ಸರಿಯಾದ ಕ್ರಮ ಇಷ್ಟು: ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಂಡು, ಎದ್ದ ಕೂಡಲೇ, ಚಹಾಕ್ಕೂ ಮೊದಲು, ಖಾಲಿ ಹೊಟ್ಟೆಯಲ್ಲಿ, ತುಂಬಿದ ಲೋಟ ಬರಿ ನೀರಿನಲ್ಲಿ ಮಾತ್ರೆಯನ್ನು ಚೀಪದೆ, ಅಗಿಯದೆ ನುಂಗಬೇಕು. ಖನಿಜ ಹೆಚ್ಚಿರುವ ಬೋರ್‌ವೆಲ್ಲಿನ ಗಡಸು ನೀರಿಗಿಂತ ಫಿಲ್ಟರ್ ನೀರು ಮೇಲು. ಆಮೇಲೆ ಅರ್ಧ ತಾಸು ಏನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ; ಆ ಅರ್ಧ ತಾಸೂ, ಅದಾದ ಮೇಲೆ ತಿಂಡಿ ಆಗುವ ತನಕವೂ ಮಲಗುವಂತಿಲ್ಲ; ಮಲಗಿದರೆ ಮಾತ್ರೆ ಅನ್ನನಾಳದಲ್ಲಿ ನಿಂತು ಹುಣ್ಣು ಮಾಡಬಹುದು. ಮಂತ್ರಾಲಯದ ಸುತ್ತಿನ ಮನೆಗಳಲ್ಲಿ ಗುರುವಾರ ರಾಘವೇಂದ್ರ ರಾಯರ ವಾರ. ಸ್ನಾನ, ಪೂಜೆ ಆಗುವ ತನಕ ಬಾಯಿಗೆ ಏನೂ ಹಾಕದ ಹಿರಿಯ ಹೆಂಗಸರು ಬಹಳ. ಅಂಥವರಿಗೆ ಗುರುವಾರದ ಬೆಳಗು ಈ ಮಾತ್ರೆಗೆ ಹೇಳಿ ಮಾಡಿಸಿದ ಹೊತ್ತು. ನುಂಗಿದ ಮೇಲೆ ತಿಂಡಿ ಆಗುವ ತನಕ ಅಡ್ಡಬಿದ್ದು ನಮಸ್ಕಾರ ಮಾಡದೆ ಕೂತು ಕೈಮುಗಿದರೆ ಸಾಕು. ಇಷ್ಟನ್ನು ತಿಳಿಸಿ ಹೇಳಲು ಐದು ನಿಮಿಷ ಹಿಡಿಯುತ್ತದೆ. ಆ ಐದು ನಿಮಿಷ ಸಿಗದ ರೋಗಿ ಜಗತ್ತಿನ ಅತಿ ಹೆಸರುವಾಸಿ ಕಂಪನಿಯ ಮಾತ್ರೆಯನ್ನು ಚಹಾ-ತಿಂಡಿಯ ಜೊತೆ ನುಂಗಿದರೆ ಅವಳ ಮೂಳೆಗೆ ಹೆಚ್ಚುಕಡಿಮೆ ಏನೂ ಸೇರುವುದಿಲ್ಲ; ಅದು ಸಿಕ್ಕ ರೋಗಿ ಅಗ್ಗದ ಮಾತ್ರೆಯನ್ನು ಬರಿ ನೀರಿನಲ್ಲಿ ನುಂಗಿದರೆ ಸೇರಬೇಕಾದಷ್ಟು ಸೇರುತ್ತದೆ.

ಜೆನೆರಿಕ್ ಎಂದಾಗ ಏಳುವ ಮೊದಲ ಆಕ್ಷೇಪ ಗುಣಮಟ್ಟದ್ದು. ಅದನ್ನು ತಳ್ಳಿಹಾಕುವಂತಿಲ್ಲ. ಮೂಲ ಔಷಧಕ್ಕೂ ಜೆನೆರಿಕ್‌ಗೂ ನೂರಕ್ಕೆ ಇಪ್ಪತ್ತು ವ್ಯತ್ಯಾಸವಿದ್ದರೂ ಒಪ್ಪುತ್ತಾರಂತೆ ಎಂಬ ಮಾತು ವಿದ್ಯಾವಂತರಲ್ಲೂ ಓಡಾಡುತ್ತಿದೆ. ನಿಯಮ ಹಾಗಿಲ್ಲ, ಮೂಲ ಔಷಧಕ್ಕೆ ಹೋಲಿಸಿ ಇಟ್ಟಿರುವ ಶೇ 80ರಿಂದ 125 ಎಂಬುದು ಪ್ರಯೋಗದ ಫಲಿತಾಂಶದ ಅನಿಶ್ಚಿತತೆ ಪೂರ್ತಿಯಾಗಿ ಒಳಗೆ ಕೂರಬೇಕಾದ ಗೆರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತನಗೆ 12 ವರ್ಷಗಳಲ್ಲಿ ಬಂದ 2,070 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ರಕ್ತಕ್ಕೆ ಸೇರಿದ ಔಷಧದ ಪ್ರಮಾಣದಲ್ಲಿ ಕಂಡ ಸರಾಸರಿ ವ್ಯತ್ಯಾಸ ಶೇ 4ಕ್ಕಿಂತ ಕಡಿಮೆ. ಅಲೆಂಡ್ರೋನೇಟ್ ವಿಷಯದಲ್ಲಿ ಮಾತ್ರ ನಿಜವಾದ ತಕರಾರೊಂದು ಇತ್ತು. ಜೆನೆರಿಕ್‌ಗೆ ಬದಲಾದವರಲ್ಲಿ ಹೊಟ್ಟೆಯ ತೊಂದರೆ ಹೆಚ್ಚು, ಮಾತ್ರೆ ಬಿಡುವವರು ಹೆಚ್ಚು ಎಂದು ಜರ್ಮನಿ, ಕೆನಡಾಗಳಿಂದ ವರದಿಗಳು ಬಂದವು. ಕೆಲವು ಮಾತ್ರೆಗಳು ಬಾಯಲ್ಲೋ ಗಂಟಲಲ್ಲೋ ಬೇಗ ಕರಗುತ್ತವೆ ಎಂಬ ವಿವರಣೆಯೂ ಬಂತು. ಇವು ಹಳೆಯ ದಾಖಲೆ ತೆಗೆದು ನೋಡಿದ ಚಿಕ್ಕ ಅಧ್ಯಯನಗಳು, ಆದರೂ ಎಚ್ಚರಿಕೆಯಾಗಿ ಇರಲಿ. 2019ರಲ್ಲಿ ಅಮೆರಿಕದ ಸಂಶೋಧಕರು ವಿಮಾ ದಾಖಲೆಗಳಿಂದ ಬಹುದೊಡ್ಡ ಸಂಖ್ಯೆಯ ರೋಗಿಗಳನ್ನು ತೆಗೆದುಕೊಂಡು, ಮೂಲ ಕಂಪನಿಯ ಮಾತ್ರೆಯನ್ನೇ ಬೇರೆ ಹೆಸರಿನಲ್ಲಿ ಪಡೆದವರನ್ನೂ ಜೆನೆರಿಕ್ ಪಡೆದವರನ್ನೂ ಹೋಲಿಸಿದರು. ಅದರಲ್ಲಿ ಅಲೆಂಡ್ರೋನೇಟ್ ಕೂಡ ಇತ್ತು. ಜೆನೆರಿಕ್ ನುಂಗಿದವರಲ್ಲಿ ಮೂಳೆ ಮುರಿತ ಹೆಚ್ಚಾಗಿರಲಿಲ್ಲ.

ಅದು ಅಮೆರಿಕ, ನಮ್ಮಲ್ಲಿ ಕಳಪೆ ಔಷಧಗಳಿಲ್ಲವೇ ಎಂದು ಕೇಳುವವರಿದ್ದಾರೆ. ಇವೆ. 2017ರಲ್ಲಿ ನಮ್ಮ ಸರ್ಕಾರ ಜೈವಿಕ ಸಮಾನತೆಯ ಪರೀಕ್ಷೆಯನ್ನು, ಅಂದರೆ ಔಷಧ ಮೂಲದಷ್ಟೇ ರಕ್ತಕ್ಕೆ ಸೇರುತ್ತದೆಯೇ ಎಂದು ನೋಡುವುದನ್ನು, ಕಡ್ಡಾಯ ಮಾಡಿದ್ದು ನೀರಿನಲ್ಲಿ ಸುಲಭವಾಗಿ ಕರಗದ ಔಷಧಗಳ ವರ್ಗಗಳಿಗೆ. ಸುಲಭವಾಗಿ ಕರಗುವ ಅಲೆಂಡ್ರೋನೇಟ್ ಆ ವರ್ಗಗಳಲ್ಲಿ ಬರುವುದಿಲ್ಲ. ಈ ಕೊರತೆಯನ್ನು ತುಂಬಲೇಬೇಕು. ಆದರೆ ಕೊರತೆ ಇರುವುದು ಹೆಸರಿಲ್ಲದ ಮಾತ್ರೆಗೆ ಮಾತ್ರವಲ್ಲ, ಹೆಸರಿರುವ ಮಾತ್ರೆಗೂ ಅದೇ ನಿಯಮ. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳು ಪ್ರಕಟಿಸುವ ಗುಣಮಟ್ಟವಿಲ್ಲದ ಔಷಧಗಳ ಪಟ್ಟಿಯಲ್ಲಿ ಎರಡೂ ಬಗೆಯವು ಸಿಗುತ್ತವೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಮಕ್ಕಳ ಜೀವ ತೆಗೆದ ಕೆಮ್ಮಿನ ಸಿರಪ್ಪಿಗೆ ಬ್ರ್ಯಾಂಡ್ ಹೆಸರಿತ್ತು. ವೈದ್ಯರು ಆ ಹೆಸರನ್ನೇ ಬರೆದುಕೊಟ್ಟಿದ್ದರು. ಹೆಸರು ಯಾರನ್ನೂ ಕಾಯಲಿಲ್ಲ. ಕಾಯುವುದು ಪರೀಕ್ಷೆ. ಜೆನೆರಿಕ್ ಔಷಧಗಳನ್ನು ಅಗ್ಗಕ್ಕೆ ಮಾರುವ ಕೇಂದ್ರದ ಜನೌಷಧಿ ಯೋಜನೆ ತನ್ನ ಪ್ರತಿ ಬ್ಯಾಚನ್ನೂ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿದ ಮೇಲೆಯೇ ಅಂಗಡಿಗೆ ಬಿಡುವುದಾಗಿ ಹೇಳುತ್ತದೆ. ಆ ವರದಿಗಳು ಸಾರ್ವಜನಿಕರ ಕಣ್ಣಿಗೆ ಬೀಳುವಂತಾದರೆ ನಂಬಿಕೆ ತಾನಾಗಿ ಬೆಳೆಯುತ್ತದೆ. ಆಂಧ್ರ ಸರ್ಕಾರದ ಔಷಧ ಖರೀದಿ ನಿಗಮದಿಂದಲೂ ಇದನ್ನೇ ಕೇಳಬೇಕು.

ಎರಡನೆಯ ಆಕ್ಷೇಪ ವೈದ್ಯರದು, ಅದರಲ್ಲಿ ಹುರುಳಿದೆ. ಜೆನೆರಿಕ್ ಹೆಸರು ಬರೆದರೆ ಯಾವ ಕಂಪನಿಯದು ಕೊಡಬೇಕೆಂದು ಅಂಗಡಿಯವನು ತೀರ್ಮಾನಿಸುತ್ತಾನೆ, ಹೆಚ್ಚು ಲಾಭ ಇರುವುದನ್ನೇ ಕೊಡುತ್ತಾನೆ ಎನ್ನುತ್ತಾರೆ. 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಜೆನೆರಿಕ್ ಹೆಸರನ್ನು ಕಡ್ಡಾಯ ಮಾಡಿದ ನಿಯಮಗಳನ್ನು ವೈದ್ಯರ ಸಂಘದ ವಿರೋಧದಿಂದ ಅದೇ ತಿಂಗಳು ತಡೆಹಿಡಿದಾಗ ಕೇಳಿಬಂದ ವಾದಗಳಲ್ಲಿ ಇದೂ ಒಂದು. ಖಾಸಗಿ ಅಂಗಡಿಗಳಲ್ಲಿ ಪ್ರಚಾರವಿಲ್ಲದ ಜೆನೆರಿಕ್ ಮಾತ್ರೆಯ ಪಟ್ಟಿಯ ಮೇಲೂ ದೊಡ್ಡ ಎಂಆರ್‌ಪಿ ಮುದ್ರಿಸಿರುತ್ತಾರೆ; ಅಂಗಡಿಗೆ ಬಂದ ಬೆಲೆಗೂ ಅದಕ್ಕೂ ಅಜಗಜಾಂತರ ಇರುತ್ತದೆ, ರೋಗಿಗೆ ಉಳಿಯುವುದು ಅಲ್ಪ. ಆದರೆ ಈಗಿರುವ ಕಾನೂನು ಏನು ಹೇಳುತ್ತದೆ ನೋಡಿ. ವೈದ್ಯರು ಒಂದು ಬ್ರ್ಯಾಂಡ್ ಬರೆದರೆ, ಅದೇ ಔಷಧದ ಬೇರೆ ಹೆಸರನ್ನು ಕೊಡಲು ಔಷಧ ನಿಯಮಗಳು ಅಂಗಡಿಯವರನ್ನು ಬಿಡುವುದಿಲ್ಲ. ಹೀಗಾಗಿ ರೋಗಿ ಎಷ್ಟು ಖರ್ಚು ಮಾಡಬೇಕೆಂಬುದನ್ನು ವೈದ್ಯರ ಪೆನ್ನೇ ನಿರ್ಧರಿಸುತ್ತದೆ. ಜೆನೆರಿಕ್ ಹೆಸರಿನಲ್ಲಿ, ಸ್ಪಷ್ಟವಾಗಿ, ಸಾಧ್ಯವಾದರೆ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ವೈದ್ಯಕೀಯ ಮಂಡಳಿ 2016ರಲ್ಲೇ ತಿದ್ದುಪಡಿ ತಂದಿದೆ. ಅಲೆಂಡ್ರೋನೇಟ್ 70 ಎಂದು ಬರೆದು, 'ಜನೌಷಧಿಯಲ್ಲಿ ಕೇಳಿ' ಎಂದು ಬಾಯಲ್ಲಿ ಹೇಳಿದರೆ ಅಂಗಡಿಯವನ ಲಾಭದ ಪ್ರಶ್ನೆ ಅಲ್ಲಿಗೆ ಮುಗಿಯಿತು. ಸರ್ಕಾರಿ ಆಸ್ಪತ್ರೆಯೇ ಪುಕ್ಕಟೆ ಕೊಟ್ಟರೆ ಅಂಗಡಿಯ ಮಾತೇ ಇಲ್ಲ. ಕರ್ನಾಟಕ ಸರ್ಕಾರ 2025ರ ಮೇ ತಿಂಗಳಲ್ಲಿ ಸರ್ಕಾರಿ ಆಸ್ಪತ್ರೆಗಳ ಆವರಣದ ಜನೌಷಧಿ ಕೇಂದ್ರಗಳನ್ನು ಮುಚ್ಚಲು ಆದೇಶಿಸಿದಾಗ ಕೊಟ್ಟ ಕಾರಣ ಇದೇ: ಒಳಗೆ ಉಚಿತವಾಗಿ ಕೊಡುತ್ತೇವೆ, ಹೊರಗೆ ಮಾರುವುದೇಕೆ. ವಿಷಯ ಹೈಕೋರ್ಟಿಗೆ ಹೋಯಿತು. ಉಚಿತವಾಗಿ ಕೊಡುವ ಕಪಾಟಿನಲ್ಲಿ ಮೂಳೆಯ ಔಷಧವೂ ಇದ್ದರೆ ಆ ಕಾರಣವನ್ನು ಒಪ್ಪಬಹುದು. ಆದೋನಿಯಿಂದ ಬಳ್ಳಾರಿಗೆ ಹೋಗುವ ರೋಗಿಗೆ ಬೇಕಿರುವುದು ಮಾತ್ರೆ, ಅದು ಯಾವ ಸರ್ಕಾರದ ಯಾವ ಹೆಸರಿನ ಅಂಗಡಿಯದಾದರೂ ಸರಿ.

ಇನ್ನೊಂದು ವಾದ, ಈಗ ಹೊಸ ಇಂಜೆಕ್ಷನ್ನುಗಳು ಬಂದಿವೆ, ಹಳೆಯ ಮಾತ್ರೆ ಯಾಕೆ ಎಂಬುದು. ಆರು ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಡೆನೊಸುಮ್ಯಾಬ್ ಪರಿಣಾಮಕಾರಿ ಔಷಧವೇ. ಕಿಡ್ನಿ ದುರ್ಬಲವಾದವರಿಗೆ ಅದು ಬೇಕಾಗಬಹುದು. ಆದರೆ ಅದರಲ್ಲೊಂದು ಅಪಾಯವಿದೆ. ನಿಲ್ಲಿಸಿದರೆ ಅಥವಾ ತಿಂಗಳುಗಟ್ಟಲೆ ತಡವಾದರೆ ಗಳಿಸಿದ್ದೆಲ್ಲ ಬೇಗ ಕರಗಿ, ಒಂದರ ಮೇಲೊಂದು ಬೆನ್ನೆಲುಬಿನ ಮಣಿಗಳು ಕುಸಿಯಬಹುದು. ಪಶ್ಚಿಮ ಕರ್ನೂಲಿನ ಬದುಕಿನ ಕ್ರಮ ಬಲ್ಲವರಿಗೆ ಇದರ ಅರ್ಥ ತಿಳಿಯುತ್ತದೆ. ಕೋಸಿಗಿ, ಪೆದ್ದಕಡಬೂರು, ಮಂತ್ರಾಲಯ ಮಂಡಲಗಳಿಂದ ಸಂಸಾರ ಸಂಸಾರವೇ ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಗುಳೆ ಹೋಗುತ್ತದೆ. ತಪ್ಪಿದರೆ ಕೆಡುಕಾಗುವ ಔಷಧವನ್ನು ಅಂಥವರಿಗೆ ಶುರು ಮಾಡುವುದು ವಿವೇಕವಲ್ಲ. ಅವರಿಗೆ ಹೊಂದುವುದು ಮತ್ತೊಂದು ಹಳೆಯ ಔಷಧ, ಜೋಲೆಡ್ರೋನಿಕ್ ಆ್ಯಸಿಡ್. ವರ್ಷಕ್ಕೊಮ್ಮೆ 5 ಮಿಲಿಗ್ರಾಂ ಡ್ರಿಪ್, ಹದಿನೈದು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹನಿಸಬೇಕು. ಸೊಂಟ ಮುರಿದು ಆಪರೇಷನ್ ಆದ 2,127 ಮಂದಿಯ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದು ಮತ್ತೆ ಮೂಳೆ ಮುರಿಯುವುದನ್ನು ಶೇ 35ರಷ್ಟು, ಸಾವನ್ನು ಶೇ 28ರಷ್ಟು ಇಳಿಸಿತು. ಇದರ ಜೆನೆರಿಕ್‌ಗಳೂ ಭಾರತದಲ್ಲಿ ಬಹಳ ಕಾಲದಿಂದ ಇವೆ. ಮೊದಲು ವಿಟಮಿನ್ ಡಿ ಕೊರತೆ ನೀಗಿಸಿ, ಕಿಡ್ನಿಯ ಸ್ಥಿತಿ ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್ ನೋಡಿ, ಗುಳೆ ಹೋದವರು ಯುಗಾದಿಗೆ ಊರಿಗೆ ಬಂದಾಗ ಕೊಟ್ಟರೆ ಮುಂದಿನ ಯುಗಾದಿಯ ತನಕ ನಿಶ್ಚಿಂತೆ. ಆದೋನಿಯ ಏರಿಯಾ ಆಸ್ಪತ್ರೆಯಂಥ ಕಡೆ ಮಾಡಲಾಗದ ಕೆಲಸವೇನೂ ಇದಲ್ಲ.

ಅಡ್ಡಪರಿಣಾಮಗಳ ಭಯವೂ ಇದೆ. ದವಡೆಯ ಮೂಳೆ ಕೊಳೆಯುವುದು, ತೊಡೆಯ ಮೂಳೆ ವಿಲಕ್ಷಣವಾಗಿ ಮುರಿಯುವುದು, ಇವು ನಿಜ, ಬಹಳ ಅಪರೂಪವೂ ನಿಜ. ಬ್ರ್ಯಾಂಡಿನಲ್ಲೂ ಜೆನೆರಿಕ್‌ನಲ್ಲೂ ಒಂದೇ ಸಮ. ಎಲೆ-ಅಡಿಕೆ, ತಂಬಾಕು ಹಾಕಿ ಹಲ್ಲು ಕೆಟ್ಟಿರುವವರು ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ, ಕೀಳಿಸಬೇಕಾದ ಹಲ್ಲು ಕೀಳಿಸಿಕೊಂಡು ಶುರು ಮಾಡಬೇಕು. ಐದು ವರ್ಷ ಮಾತ್ರೆ ಅಥವಾ ಮೂರು ವರ್ಷ ಡ್ರಿಪ್ ಆದ ಮೇಲೆ, ಅಪಾಯ ಕಡಿಮೆಯಿರುವವರಿಗೆ ಬಿಡುವು ಕೊಡಬಹುದು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಇಲ್ಲದೆ ಹೇಗೆ ಶುರು ಮಾಡುವುದು ಎಂಬ ಪ್ರಶ್ನೆಗೂ ಉತ್ತರವಿದೆ: ನಿಂತ ಎತ್ತರದಿಂದ ಬಿದ್ದು ಸೊಂಟವನ್ನೋ ಬೆನ್ನೆಲುಬನ್ನೋ ಮುರಿದುಕೊಂಡ ಮುದುಕಿಗೆ ರೋಗ ಇದೆ ಎನ್ನಲು ಆ ಮುರಿತವೇ ಸಾಕು, ಸ್ಕ್ಯಾನಿಗಾಗಿ ಕಾಯಬೇಕಿಲ್ಲ.

ಉಳಿದಿರುವುದು ಹಂಚುವ ದಾರಿ ಮತ್ತು ಹೇಳುವ ಭಾಷೆ. ಆಂಧ್ರದಲ್ಲಿ '104' ಹೆಸರಿನ ಸಂಚಾರಿ ಚಿಕಿತ್ಸಾ ವಾಹನಗಳು ಹಳ್ಳಿಗಳಿಗೆ ಹೋಗಿ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಕೊಟ್ಟು ಬರುತ್ತವೆ. ಅದೇ ಚೀಲಕ್ಕೆ ತಿಂಗಳಿಗೆ ನಾಲ್ಕು ಅಲೆಂಡ್ರೋನೇಟ್ ಮಾತ್ರೆ ಸೇರಿಸುವುದು ಹೊಸ ಯೋಜನೆಯೇನೂ ಬೇಡುವುದಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದಾಗಿನಿಂದ ಇಲ್ಲಿನ ಕನ್ನಡಿಗರು ಕಚೇರಿಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ ಎಂದು ಹೊಂದಿಕೊಂಡು ಬಂದಿದ್ದಾರೆ, ಬಾಯಿಮಾತಿಗೆ ಅಷ್ಟೇನೂ ತೊಂದರೆಯಿಲ್ಲ. ಆದರೆ ಮಾತ್ರೆಯ ಪಟ್ಟಿಯ ಮೇಲಿರುವುದು ಇಂಗ್ಲಿಷ್, ಆಸ್ಪತ್ರೆಯ ಗೋಡೆಯ ಮೇಲಿರುವುದು ತೆಲುಗು. ಸಾಧಾರಣ ಮಾತ್ರೆಗಾದರೆ 'ಊಟ ಆದಮೇಲೆ ಎರಡು ಹೊತ್ತು' ಎಂದರೆ ಸಾಕು. ಈ ಮಾತ್ರೆಗೆ ಹತ್ತು ಸಾಲು ಬೇಕು, ಒಂದು ಸಾಲು ತಪ್ಪಿದರೂ ದುಡ್ಡು ದಂಡ. ತೆಲುಗಿನ ಪಕ್ಕದಲ್ಲೇ ಕನ್ನಡದಲ್ಲಿ ಮುದ್ರಿಸಿದ ಒಂದು ಹಾಳೆ ಇದ್ದರೆ, ಕನ್ನಡ ಶಾಲೆಗೆ ಹೋಗುವ ಮೊಮ್ಮಗಳು ಅಜ್ಜಿಗೆ ಅದನ್ನು ಓದಿ ಹೇಳುತ್ತಾಳೆ. ಆಶಾ ಕಾರ್ಯಕರ್ತೆ ಮೊದಲ ವಾರ ಎದುರಿಗೆ ಕೂತು ನುಂಗಿಸಿದರೆ ಇನ್ನೂ ಒಳ್ಳೆಯದು.

ಕರ್ನೂಲು ಜಿಲ್ಲೆಯ ಆರೋಗ್ಯ ಅಧಿಕಾರಿಗಳಲ್ಲಿ ಕೇಳುವುದು ಹೆಚ್ಚಿನದೇನಲ್ಲ: ಆದೋನಿ, ಎಮ್ಮಿಗನೂರು, ಆಲೂರಿನ ಸರ್ಕಾರಿ ಆಸ್ಪತ್ರೆಗಳ ಔಷಧ ಬೇಡಿಕೆ ಪಟ್ಟಿಯಲ್ಲಿ ಜೆನೆರಿಕ್ ಅಲೆಂಡ್ರೋನೇಟ್ 70 ಮತ್ತು ಜೋಲೆಡ್ರೋನಿಕ್ ಆ್ಯಸಿಡ್ 5 ಮಿಲಿಗ್ರಾಂ ಇರಲಿ, ಸೊಂಟದ ಆಪರೇಷನ್ ಆಗಿ ಮನೆಗೆ ಹೊರಟ ಯಾವ ಹಿರಿಯರ ಚೀಟಿಯೂ ಇವೆರಡರಲ್ಲಿ ಒಂದಿಲ್ಲದೆ, ಅಥವಾ ಯಾಕಿಲ್ಲ ಎಂಬ ಕಾರಣವಿಲ್ಲದೆ ಹೊರಬೀಳದಿರಲಿ. ಓದುಗರೂ ಒಂದು ಕೆಲಸ ಮಾಡಬಹುದು. ಮನೆಯಲ್ಲಿ ಐವತ್ತು ದಾಟಿದ ಮೇಲೆ ಸಣ್ಣಗೆ ಬಿದ್ದು ಎಲುಬು ಮುರಿದುಕೊಂಡವರೋ, ಚಿಕ್ಕ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡವರೋ ಇದ್ದರೆ ಮುಂದಿನ ಸಲ ಡಾಕ್ಟರ ಎದುರು ಕೂತಾಗ ಎರಡು ಮಾತು ಕೇಳಿ: ಮೂಳೆ ಗಟ್ಟಿ ಮಾಡುವ ಔಷಧ ಬೇಕೇ? ಬೇಕಾದರೆ ಅದನ್ನು ಜೆನೆರಿಕ್ ಹೆಸರಿನಲ್ಲಿ ಬರೆದುಕೊಡುತ್ತೀರಾ?